ತೆಲುಗು ಮಾತಾಡಿದ ಮೂರು ಕಣ್ಣಿನ ಪ್ರಾಣಿ

ಮಾಸ್ತರನಾದವನಿಗೆ ಬಾಯಿಂದ ಹೊರಡಿಸಲು ಬಲು ಕಷ್ಟವಾದ ಮಾತೆಂದರೆ ‘ನನಗೆ ಗೊತ್ತಿಲ್ಲ’ ಎಂಬುದು. ಅದರಲ್ಲೂ ವಿಜ್ಞಾನದ ಮಾಸ್ತರನಿಗೆ. ರಾಕೆಟ್ಟು, ಬೇರೆ ಗ್ರಹ, ಕಾಲದಲ್ಲಿ ಹಿಂದಕ್ಕೆ ಹೋಗುವ ಯಂತ್ರ, ಇಂಥ ಸಿನಿಮಾಗಳೆಂದರೆ ನನಗೆ ಪ್ರಾಣ. ಅವುಗಳ ಬಗ್ಗೆ ಯಾರು ಏನು ಕೇಳಿದರೂ ನನ್ನಲ್ಲಿ ಒಂದು ಅಭಿಪ್ರಾಯ ಸಿದ್ಧವಾಗಿರುತ್ತದೆ. ಆ ಅಭಿಪ್ರಾಯಗಳು ಎಲ್ಲಿಂದ ಬಂದವು ಎಂದು ಮಾತ್ರ ಈವರೆಗೆ ಯಾರಿಗೂ ಹೇಳಿಲ್ಲ.

ತೊಂಬತ್ತರ ದಶಕದ ಮಾತು. ವಾಡಿಯವನಾದ ನಾನು ಆಗ ಸೇಡಂನ ಒಂದು ಹೈಸ್ಕೂಲಿನಲ್ಲಿದ್ದೆ. ಮದುವೆಯಾಗಿ ತಿಂಗಳಾಗಿತ್ತಷ್ಟೆ. ಹೆಂಡತಿ ಗಿರಿಜಾ ಚಿಂಚೋಳಿ ಕಡೆಯವಳು. ‘ಹೂಂ ರೀ’, ‘ಊಟಕ್ಕ ಬರ್ರಿ’, ಇವೆರಡು ಬಿಟ್ಟರೆ ಮೂರನೆಯ ಮಾತು ಅವಳಿಂದ ಬಂದಿರಲಿಲ್ಲ. ಆ ಕೊರತೆ ತುಂಬಲೆಂದು ನಾನೇ ಮಾತಾಡುತ್ತಿದ್ದೆ. ಕುಕ್ಕರಿನ ಸೀಟಿ ಏಕೆ ಕೂಗುತ್ತದೆ ಎಂಬುದನ್ನು ಒಲೆಯ ಮುಂದೆ ನಿಂತು ಅರ್ಧ ತಾಸು ವಿವರಿಸಿದ್ದೂ ಉಂಟು. ಅನ್ನ ಸೀದುಹೋಯಿತು, ಅವಳು ‘ಹೂಂ ರೀ’ ಅಂದಳು. ಅವಳಿಗೆ ನಾನು ಹಿಡಿಸಲಿಲ್ಲವೇನೋ ಎಂಬ ಅಳುಕು ದಿನೇ ದಿನೇ ಬಲಿಯುತ್ತಿತ್ತು.

ಆ ವಾರ ಊರಿನ ಟಾಕೀಸಿಗೆ ಒಂದು ಇಂಗ್ಲಿಷ್ ಸಿನಿಮಾ ಬಂತು, ತೆಲುಗು ಮಾತು ಹಾಕಿಸಿಕೊಂಡು. ನನಗೆ ತೆಲುಗು ಒಂದಕ್ಷರವೂ ಬರುತ್ತಿರಲಿಲ್ಲ. ಆದರೂ ಭಾನುವಾರದ ಮ್ಯಾಟಿನಿಗೆ ಅವಳನ್ನು ಕರೆದುಕೊಂಡು ಹೊರಟೆ. “ತಿಳೀಲಿಲ್ಲಂದ್ರ ಹೇಳು, ನಾ ಎಲ್ಲಾ ಬಿಡಿಸಿ ಹೇಳ್ತೀನಿ” ಎಂದು ದಾರಿಯಲ್ಲೇ ಧೈರ್ಯ ತುಂಬಿದೆ. “ಹೂಂ ರೀ” ಅಂದಳು.

ತೆರೆಯ ಮೇಲೆ ಮೂರು ಕಣ್ಣಿನ, ಹಸಿರು ಮೈಯ ದೊಡ್ಡ ಪ್ರಾಣಿಯೊಂದು ಆಕಾಶದಿಂದ ಬಿದ್ದು ಮರಳುಗಾಡಿನಲ್ಲಿ ಒದ್ದಾಡುತ್ತಿತ್ತು. ಹೊಟ್ಟೆ ಹಿಡಿದುಕೊಂಡು “ಆಕಲಿ, ಆಕಲಿ” ಎಂದು ಕೂಗಿತು. ನಾನು ತಡಮಾಡದೆ ಅವಳ ಕಿವಿಯಲ್ಲಿ, “ಆಕಳ ಬೇಕಂತ. ಅದರ ಗ್ರಹದಾಗ ಆಕಳಿಲ್ಲ, ಅದಕ್ಕ ಒಯ್ಯಾಕ ಬಂದದ” ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪಾಪ, ಹೆದರಿದ್ದಾಳೆ ಅಂದುಕೊಂಡೆ. ಮತ್ತೆ ಸ್ವಲ್ಪ ಹೊತ್ತಿಗೆ ಪ್ರಾಣಿ ನಕ್ಷತ್ರಗಳ ಕಡೆ ಮುಖ ಮಾಡಿ “ನಾ ಇಲ್ಲು ಎಕ್ಕಡ?” ಎಂದಿತು. “ನಾ ಇಲ್ಲ ಅನ್ಲಿಕತ್ತದ. ಈಗ ನೋಡು, ಮಾಯ ಆಗ್ತದ” ಎಂದು ಅವಳತ್ತ ತಿರುಗಿದೆ. ಪ್ರಾಣಿ ಮಾಯವಾಗಲಿಲ್ಲ. ಗಿರಿಜಾ ಅಳುತ್ತಿದ್ದಳು.

“ಯಾಕ, ಏನಾತು?”

“ಅದು ಮಾಯ ಆಗೂದಿಲ್ರೀ. ‘ನನ್ನ ಮನಿ ಎಲ್ಲದ’ ಅಂತ ಕೇಳಲಿಕತ್ತದ.”

“ನಿನಗ ತೆಲುಗು ಬರ್ತದ?”

“ನಮ್ಮೂರು ಗಡಿಯಾಗ ಅದ, ಎಲ್ಲಾರಿಗೂ ಬರ್ತದ್ರೀ. ನೀವು ಕೇಳಲಿಲ್ಲ.” ಕಣ್ಣೊರೆಸಿಕೊಂಡು, “ಮೊದಲ ಅಂದದ್ದು ಆಕಳಲ್ಲ. ಹಸಿವು” ಎಂದಳು. ಅಷ್ಟು ಹೇಳಿದ್ದೇ ತಡ, ತಡೆದಿಟ್ಟುಕೊಂಡಿದ್ದ ನಗು ಹೊರಬಿತ್ತು. ಅಳು, ನಗು ಎರಡೂ ಒಟ್ಟಿಗೆ. ಮುಂದಿನ ಸಾಲಿನ ಮುದುಕರೊಬ್ಬರು ತಿರುಗಿ ನೋಡಿದರು.

ಇಂಟರ್ವಲ್ಲಿನಲ್ಲಿ ಶೇಂಗಾ ಕೊಡಿಸಿ, ಮೆಲ್ಲಗೆ, “ನಿನಗೂ ಮನಿ ನೆನಪಾಗೇದೇನು?” ಎಂದು ಕೇಳಿದೆ. ಒಂದು ತಿಂಗಳಲ್ಲಿ ಅವಳ ತವರಿನ ಬಗ್ಗೆ ನಾನು ಕೇಳಿದ ಮೊದಲ ಪ್ರಶ್ನೆ ಅದು. “ಭಾಳ” ಅಂದಳು. ಆಮೇಲೆ ತನ್ನ ತಂಗಿಯ ಬಗ್ಗೆ, ಹಿತ್ತಲಿನ ಹುಣಸೆಮರದ ಬಗ್ಗೆ ಹೇಳತೊಡಗಿದವಳು ಸಿನಿಮಾ ಮುಗಿದರೂ ನಿಲ್ಲಿಸಲಿಲ್ಲ. ಮರುದಿನ ರಜೆ ಬರೆದು ಅವಳನ್ನು ಚಿಂಚೋಳಿ ಬಸ್ಸು ಹತ್ತಿಸಿಕೊಂಡು ಹೋದೆ. ನಾಲ್ಕು ದಿನ ಇದ್ದು ಬರುವಾಗ, “ಮುಂದಿನ ವಾರ ಯಾವ ಸಿನಿಮಾ ಬರ್ತದ್ರೀ?” ಎಂದು ಅವಳೇ ಕೇಳಿದಳು.

ಅಲ್ಲಿಂದಾಚೆಗೆ ಸೇಡಂ, ಶಹಾಬಾದ, ಚಿತ್ತಾಪುರ, ವರ್ಗವಾದಲ್ಲೆಲ್ಲ ಜೋಡಿಯಾಗಿ ಇಂಥವನ್ನೇ ನೋಡಿದೆವು. ಹೆಸರುಗಳು ಮರೆತಿವೆ, ಮೂರು ಕಣ್ಣಿನ ಆ ಜೀವಕ್ಕೆ ಮಾತ್ರ ಇಂದಿಗೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕಥೆಯ ಒಳಗುಟ್ಟು ಹೇಳುವವಳು ಅವಳು, ಮರುದಿನ ಸ್ಟಾಫ್ ರೂಮಿನಲ್ಲಿ ಅದನ್ನೇ ನನ್ನದೆಂದು ಹೇಳುವವನು ನಾನು.

ಕೆಲವು ವರ್ಷಗಳ ಕೆಳಗೆ ಶಾಲೆಯ ವಿಜ್ಞಾನ ದಿನಾಚರಣೆಯಲ್ಲಿ ಈ ಸಿನಿಮಾಗಳ ಮೇಲೆ ಭಾಷಣ ಮಾಡಿ ಶಾಲು ಹೊದಿಸಿಕೊಂಡೆ. ಗಿರಿಜಾ ಸಭೆಯಲ್ಲೇ ಕೂತಿದ್ದಳು. ಮನೆಗೆ ಬಂದ ಮೇಲೆ ಶಾಲು ಮಡಚಿಡುತ್ತ, “ಛಲೋ ಮಾತಾಡಿದ್ರಿ. ಖರೆ, ನೀವು ಕೊನೀಗೆ ಹೇಳಿದ ಸಿನಿಮಾದಾಗ ವಿಜ್ಞಾನಿ ಸಾಯಂಗಿಲ್ರೀ. ನೀವು ಆವಾಗ ಗೊರಕಿ ಹೊಡೀಲಿಕತ್ತಿದ್ರಿ” ಅಂದಳು.

“ಹೂಂ” ಅಂದೆ.