ಹ್ರಾಬಿನ್ ಗೋಪುರದ ತಾಮ್ರದ ಗುಂಡು

ಹ್ರಾಬಿನ್ ಚರ್ಚಿನಲ್ಲಿ ಆರ್ಗನ್ ನುಡಿಸುವವನ ಬೋಳುತಲೆಯ ಮೇಲೆ ಮಳೆನೀರು ತೊಟ್ಟಿಕ್ಕದಿದ್ದರೆ ಈ ರಗಳೆಯೇ ಇರುತ್ತಿರಲಿಲ್ಲ. ತೊಟ್ಟಿಕ್ಕಿತು. ಗೋಪುರದ ರಿಪೇರಿಗೆ ಹತ್ತಿದವರು ತುದಿಯಲ್ಲಿದ್ದ ಕುಂಬಳಕಾಯಿ ಗಾತ್ರದ ತಾಮ್ರದ ಗುಂಡನ್ನು ಕೆಳಗಿಳಿಸಿದರು. ಅಂಥ ಗುಂಡಿನೊಳಗೆ ಹಿಂದಿನವರು ಮುಂದಿನವರಿಗೆಂದು ಕಾಗದಪತ್ರ ಇಟ್ಟಿರುತ್ತಾರೆ. ಇದನ್ನು ಕೊನೆಯ ಸಲ ತೆರೆದದ್ದು ೧೯೩೬ರಲ್ಲಿ.

ಊರಿನ ಚರಿತ್ರೆ ಬರೆದಿಡುವ ಹೊಣೆ ನಿವೃತ್ತ ಕುಬೇಶ್ ಮೇಷ್ಟ್ರದು. ಗುಂಡು ತೆರೆಯಬೇಕಿದ್ದ ಆ ಶನಿವಾರ ಬೆಳಿಗ್ಗೆ ಅವರು ಕಾಫಿಯನ್ನೂ ಕುಡಿಯದೆ ಚೌಕಕ್ಕೆ ಬಂದಿದ್ದರು. ಹ್ರಾಬಿನ್ ಬರೀ ಹಳ್ಳಿಯಲ್ಲ, ಚಕ್ರವರ್ತಿಯೇ ಸಂತೆಯ ಹಕ್ಕು ಕೊಟ್ಟ ಪೇಟೆ ಎಂದು ಅವರು ಮೂವತ್ತು ವರ್ಷದಿಂದ ವಾದಿಸುತ್ತಿದ್ದರು. ಚೌಕದಲ್ಲಿ ಕಳ್ಳರನ್ನು ಕಟ್ಟುತ್ತಿದ್ದ ಕಲ್ಲುಕಂಬವಿದೆ, ಕಾರಂಜಿಯಿದೆ, ಪ್ಲೇಗಿನ ಕಾಲದ ಸ್ತಂಭವಿದೆ. ಆ ಹಕ್ಕು ಕೊಟ್ಟ ಸನ್ನದು ಮಾತ್ರ ಇಲ್ಲ. ಅದಿಲ್ಲದೆ ಪೇಟೆಯ ಪಟ್ಟ ಮರಳಿ ಸಿಗುವಂತಿರಲಿಲ್ಲ. ಅದು ಗುಂಡಿನೊಳಗೇ ಇರಬೇಕೆಂದು ಮೇಷ್ಟ್ರ ನಂಬಿಕೆ.

ಹೊಳೆಯಾಚೆಯ ಲುಚಿಟ್ಸೆಯವರೂ ಅದೇ ಪಟ್ಟಕ್ಕೆ ಕಣ್ಣಿಟ್ಟಿದ್ದರು. ಅವರ ಹತ್ತಿರವೂ ಸನ್ನದು ಇರಲಿಲ್ಲ. ಅಲ್ಲಿಯ ಚರಿತ್ರೆ ಬರೆಯುವ ಓಟಿಲಿಯೆ ಮೇಷ್ಟ್ರನ್ನು ಕಂಡಾಗಲೆಲ್ಲ, "ನಿಮ್ಮ ಸಂತೇಲಿ ಏನ್ ಮಾರ್ತಿದ್ರಿ, ಗಾಳೀನಾ?" ಎಂದು ಕೆಣಕುತ್ತಿದ್ದಳು. ಅವಳ ಬಾಯಿ ಮುಚ್ಚಿಸಲೆಂದೇ ಮೇಷ್ಟ್ರು ಇವತ್ತು ಅವಳನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದ್ದರು.

ಚೌಕದಲ್ಲಿ ಊರಿಗೆ ಊರೇ ನೆರೆದಿತ್ತು. ಒಳಗೇನಿದೆಯೋ ಎಂಬ ಕುತೂಹಲಕ್ಕೆ ಬಿಯರ್ ಕೂಡ ಯಾರಿಗೂ ಬೇಕಾಗಿರಲಿಲ್ಲ. ಆದರೆ ಗುಂಡಿನ ಬೆಸುಗೆ ಬಿಡಲೊಲ್ಲದು.

"ಬಿಸಿ ಮಾಡಿ!" ಎಂದ ಹೆಂಡದಂಗಡಿಯ ವೆಂಡೆಲಿನ್.

"ಒಳಗಿರೋದು ಕಾಗದ ಕಣಯ್ಯ, ನಿನ್ನ ಸಾಸೇಜ್ ಅಲ್ಲ!" ಎಂದು ಮೇಷ್ಟ್ರು ಸಿಡುಕಿದರು.

ವೆಂಡೆಲಿನ್ ಬಿಡಬೇಕಲ್ಲ, ಸುತ್ತಿಗೆಯಿಂದ ಒಂದೇಟು ಹಾಕಿದ. ಗುಂಡು ಮೇಜಿನಿಂದ ಹಾರಿ, ಇಳಿಜಾರಿನಲ್ಲಿ ಉರುಳುತ್ತ ಹೋಯಿತು. ಮೇಷ್ಟ್ರು "ಹಿಡೀರಿ! ಹಿಡೀರಿ!" ಎಂದು ಹಿಂದೆಯೇ ಓಡಿದರು. ಗುಂಡು ಕಾರಂಜಿಯ ಕಟ್ಟೆಗೆ ಬಡಿದು ಬಾಯಿಬಿಟ್ಟಿತು. ಒಳಗಿನ ತಗಡಿನ ಕೊಳವೆ ನೀರಿಗೆ ಬೀಳುವುದರೊಳಗೆ ಮೇಷ್ಟ್ರೇ ಮೊಣಕಾಲವರೆಗೆ ನೀರಿಗಿಳಿದು ಅದನ್ನು ಹಿಡಿದರು.

ಕೊಳವೆಯಲ್ಲಿ ಕೆಂಪು ಮೊಹರಿನ ಒಂದು ಚರ್ಮದ ಹಾಳೆ, ಜೊತೆಗೊಂದು ಪತ್ರ. ಮೇಷ್ಟ್ರು ಹಾಳೆಯನ್ನು ಎತ್ತಿ ತೋರಿಸಿದರು. ಲ್ಯಾಟಿನ್ ಯಾರಿಗೂ ಓದಲು ಬರದಿದ್ದರೂ ಚಕ್ರವರ್ತಿಯ ಮೊಹರು ಎಲ್ಲರಿಗೂ ಗೊತ್ತಾಯಿತು. ಚಪ್ಪಾಳೆಯೋ ಚಪ್ಪಾಳೆ. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಓಟಿಲಿಯೆಯ ಮುಖ ಬಿಳಿಚಿಕೊಂಡಿತ್ತು.

"ಪತ್ರಾನ ಒಳಗೆ ತಗೊಂಡ್ಹೋಗಿ ಒಂದ್ಸಲ ಕಣ್ಣಾಡಿಸಿ ಮೇಷ್ಟ್ರೇ," ಎಂದಳು ಊರಿನ ಮೇಯರ್ ಲುಡ್ಮಿಲಾ.

"ಯಾಕಮ್ಮಾ? ನಮ್ಮಲ್ಲೇನು ಮುಚ್ಚುಮರೆ? ಧ್ವನಿವರ್ಧಕ ಹಾಕ್ಸು. ಹೊಳೆಯಾಚೆಗೂ ಕೇಳಿಸ್ಲಿ!"

ದಿನಾ ಕೋಳಿಮರಿ ಮಾರಾಟದ ಸುದ್ದಿ ಹೇಳುವ ದೀಪದ ಕಂಬಗಳ ಮೇಲಿನ ಧ್ವನಿವರ್ಧಕಗಳೆಲ್ಲ ಒಮ್ಮೆಗೇ ಗೊರಗೊರ ಎಂದವು. ೧೯೩೬ರ ಚರಿತ್ರೆಕಾರನ ಬರಹ ಮಳೆಗೆ ಸಿಕ್ಕ ಗೋಧಿ ಪೈರಿನಂತೆ ಒಂದೇ ಕಡೆ ಬಾಗಿತ್ತು. ಮೇಷ್ಟ್ರು ಒಂದೊಂದೇ ಪದ ಬಿಡಿಸಿ ಓದಿದರು:

"ಮುಂದಿನ ಚರಿತ್ರೆಕಾರ ಮಿತ್ರನೇ... ಇದನ್ನು... ಕದ ಹಾಕಿಕೊಂಡು... ಒಬ್ಬನೇ ಓದು."

ಜನ ಗೊಳ್ಳೆಂದರು. ಮೇಷ್ಟ್ರು ಪತ್ರ ಮಡಚಲು ಹೋದರು.

"ಮುಚ್ಚುಮರೆ ಇಲ್ಲ ಅಂದ್ರಲ್ಲ?" ಎಂದಳು ಓಟಿಲಿಯೆ.

"ಓದಿ ಮೇಷ್ಟ್ರೇ, ರುಚಿ ಹತ್ತಿದಾಗ ನಿಲ್ಲಿಸ್ಬೇಡಿ!" ಎಂದ ವೆಂಡೆಲಿನ್.

ಓದದೆ ವಿಧಿಯಿರಲಿಲ್ಲ.

"ಈ ಸನ್ನದು ನಮ್ಮದಲ್ಲ... ಲುಚಿಟ್ಸೆಯದು. ಅವರ ಊರಿಗೆ ಬೆಂಕಿ ಬಿದ್ದ ವರ್ಷ... ಜೋಪಾನವಾಗಿರಲೆಂದು ನಮ್ಮ ಹಿರಿಯರ ಕೈಗೆ ಕೊಟ್ಟರು. ಬೆಂಕಿ ಆರಿದ ಮೇಲೆ ಕೇಳಲು ಬಂದರೆ... ನಮ್ಮವರು 'ಯಾವ ಸನ್ನದು?' ಅಂದರು. ಸುಟ್ಟುಬಿಡಲು ನನಗೆ ಮನಸ್ಸಾಗಲಿಲ್ಲ. ಗುಂಡಿಗೇ ವಾಪಸ್ ಹಾಕಿ ಬೆಸೆದುಬಿಡು. ಲುಚಿಟ್ಸೆಯವರ ಕಿವಿಗೆ... ಬೀಳದಿರಲಿ."

ಕಂಬಗಳು ಸುಮ್ಮನಾದವು. ಮೇಷ್ಟ್ರಿಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಎನಿಸಿತು. ಲುಡ್ಮಿಲಾ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಓಟಿಲಿಯೆ ನಿಧಾನವಾಗಿ ಎದ್ದು ಬಂದು, ಸನ್ನದನ್ನು ಅವರ ಕೈಯಿಂದ ಬಿಡಿಸಿಕೊಂಡು ಚೀಲಕ್ಕೆ ಹಾಕಿದಳು. ಆಮೇಲೆ ತನ್ನ ಫೋನನ್ನು ಮೇಷ್ಟ್ರ ಬಾಯಿಯ ಹತ್ತಿರ ಹಿಡಿದು ಬಹಳ ವಿನಯದಿಂದ ಹೇಳಿದಳು:

"ನಮ್ಮೂರಿನ ಮೇಯರ್ರು ಲೈನಲ್ಲಿದಾರೆ. ಗಾಳಿಗೆ ಮಧ್ಯದ ಎರಡು ಸಾಲು ಸರಿಯಾಗಿ ಕೇಳಿಸ್ಲಿಲ್ಲವಂತೆ. ಇನ್ನೊಂದ್ಸಲ ಓದ್ತೀರಾ?"