ಹೆಂಡ್ರಿಕ್ ಸಾಹೇಬರ ಪ್ಯಾಂಟು

ಕೇಳುವುದೇ ನನ್ನ ಕಸುಬು. ಬೇರೆಯವರು ಹೊಟ್ಟೆಪಾಡಿಗೆ ಏನಾದರೂ ಮಾಡುತ್ತಾರೆ, ಮಾರುತ್ತಾರೆ, ಇಲ್ಲವೇ ಕಲಿಸುತ್ತಾರೆ, ನಾನು ಕೇಳುತ್ತೇನೆ. ಹಲವು ದೇಶಗಳಲ್ಲಿ ಮಕ್ಕಳಿಗಾಗಿ ಕೆಲಸ ಮಾಡುವ ಒಂದು ನೆರವಿನ ಸಂಸ್ಥೆಗೆ ದೇಣಿಗೆ ತರುವ, ದಾನಿಗಳ ಜೊತೆ ಸ್ನೇಹ ಸಂಬಂಧ ಕಾಪಾಡುವ ವಿಭಾಗದ ಮುಖ್ಯಸ್ಥೆ ನಾನು. ಈ ಹುದ್ದೆಯ ಹೆಸರು ಎಷ್ಟು ಉದ್ದವೆಂದರೆ ವಿಸಿಟಿಂಗ್ ಕಾರ್ಡಿನಲ್ಲಿ ನನ್ನ ಹೆಸರಿಗೆ ಮೂಲೆಯಲ್ಲಿ ಒಂಚೂರು ಜಾಗ ಸಿಕ್ಕಿದೆ. ಆದರೂ ಇಂದಿರಾನಗರದ ನಮ್ಮ ಬೀದಿಯಲ್ಲಿ ಇದು ಯಾರಿಗೂ ಅರ್ಥವಾಗಿಲ್ಲ. "ನಮ್ಮ ಸೊಸೆ ಮಕ್ಕಳ ಆಫೀಸಲ್ಲಿದ್ದಾಳೆ" ಎಂದು ಅತ್ತೆಯವರು ಹೇಳಿಕೊಂಡು ಬಂದದ್ದರಿಂದ ಎದುರುಮನೆಯವರು ಮೊಮ್ಮಗನ ಕೆಮ್ಮಿಗೆ ಔಷಧಿ ಕೇಳಲು ಬಂದಿದ್ದರು. ನಾನು ಡಾಕ್ಟರಲ್ಲ, ದೇಣಿಗೆ ಕೇಳುವವಳು ಎಂದು ಬಿಡಿಸಿ ಹೇಳಿದ ಮೇಲೆ ಅವರು ನಮ್ಮ ಮನೆಯ ಕಡೆ ಬರುವುದನ್ನೇ ಬಿಟ್ಟರು.

ಇಂಥ ನನ್ನ ಬದುಕಿನಲ್ಲಿ ಬಹಳ ದೊಡ್ಡ ದಿನವೆಂದರೆ ಹೆಂಡ್ರಿಕ್ ಸಾಹೇಬರು ಬಂದ ದಿನ. ಹಾಲೆಂಡಿನ ಒಂದು ಶ್ರೀಮಂತ ಕುಟುಂಬದ ಟ್ರಸ್ಟಿನವರು ಅವರು. ಮರ್ಫಿ ಟೌನಿನಲ್ಲಿ ಶಾಲೆ ಮುಗಿದ ಮೇಲೂ ರಜೆಯಲ್ಲೂ ಮಕ್ಕಳು ಬಂದು ಓದುವ, ಆಡುವ ನಮ್ಮ ಕೇಂದ್ರ ನಡೆಯುತ್ತಿದ್ದುದು ಅವರ ನೆರವಿನಿಂದಲೇ. ಆ ನೆರವಿನ ಅವಧಿ ಮುಗಿಯುತ್ತಾ ಬಂದಿತ್ತು. ಸಾಹೇಬರು ಕಣ್ಣಾರೆ ನೋಡಿ ಹೂಂ ಅಂದರೆ ಕೇಂದ್ರ ಉಳಿಯುತ್ತದೆ, ಊಹೂಂ ಅಂದರೆ ಬೀಗ. ಬೆಳಿಗ್ಗೆ ವಿಮಾನ ನಿಲ್ದಾಣಕ್ಕೆ ನಾನೇ ಹೋದೆ. ಸಾಹೇಬರು ಬಂದರು, ಅವರ ಸೂಟ್‌ಕೇಸು ಬರಲಿಲ್ಲ. ಅದು ಯಾವ ದೇಶದಲ್ಲಿ ಇಳಿದುಕೊಂಡಿದೆಯೋ ಯಾರಿಗೂ ಗೊತ್ತಿರಲಿಲ್ಲ. "ಪರವಾಗಿಲ್ಲ, ಹಾಕಿಕೊಂಡಿರುವ ಬಟ್ಟೆ ಚೆನ್ನಾಗಿಯೇ ಇದೆಯಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಹೋಟೆಲಿನ ರೂಮು ಮಧ್ಯಾಹ್ನಕ್ಕೆ ಮೊದಲು ಸಿಗುವಂತಿರಲಿಲ್ಲವಾದ್ದರಿಂದ ತಿಂಡಿಗೆ ಮನೆಗೇ ಕರೆದುಕೊಂಡು ಬಂದೆ. ಅದೇ ಆಗಬಾರದಿತ್ತು.

ಅತ್ತೆಯವರಿಗೆ ಮೊದಲು ತೊಡಕಾದದ್ದು ಅವರ ಹೆಸರು. "ಹೆಂಡ... ಏನಂದೆ?" ಎಂದು ನನ್ನನ್ನು ಅಡುಗೆಮನೆಗೆ ಕರೆದು ಕೇಳಿದರು. "ಹೆಂಡ್ರಿಕ್ ಅತ್ತೆ" ಎಂದೆ. "ಬೆಳ್ಬೆಳಿಗ್ಗೆ ಸ್ನಾನ ಮಾಡ್ಕೊಂಡು ಆ ಹೆಸರು ಹೇಳಕ್ಕೆ ನನಗೆ ಬಾಯಿ ಬರಲ್ಲಮ್ಮ. ರಿಕ್ಕಣ್ಣ ಅಂತೀನಿ" ಎಂದವರೇ, ಇಡ್ಲಿ ಸಾಂಬಾರಿನ ಜೊತೆ ಹೊರಗೆ ಬಂದು ರಿಕ್ಕಣ್ಣನ ಉಪಚಾರಕ್ಕೆ ನಿಂತರು. ನಮ್ಮ ಕಡೆ ಸಾಕು ಅನ್ನುವವರು ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ. ಅವರ ಕಡೆ ಅಂಗೈ ಮೇಲೆತ್ತುತ್ತಾರಂತೆ. ಎತ್ತಿದ ಅಂಗೈ ಸೌಟಿಗೆ ತಗಲಿತು. ಸಾಂಬಾರು ಒಂದಿಷ್ಟೂ ನೆಲಕ್ಕೆ ಬೀಳದೆ ಪೂರ್ತಿ ಸಾಹೇಬರ ಅಂಗಿಗೂ ಪ್ಯಾಂಟಿಗೂ ಇಳಿಯಿತು. ಪುಣ್ಯಕ್ಕೆ ಬಿಸಿ ಆರಿತ್ತು.

ಹೊರಡಲು ಹೊತ್ತಾಗಿತ್ತು, ಬಟ್ಟೆ ಅಂಗಡಿಗಳು ಬಾಗಿಲು ತೆಗೆದಿರಲಿಲ್ಲ. ಅತ್ತೆಯವರು, "ಪಂಚೆ ಉಡ್ಸು, ಉದ್ದ ಗಿಡ್ಡ ಅನ್ನೋ ತಾಪತ್ರಯಾನೇ ಇರಲ್ಲ" ಎಂದರು. ಉಡಿಸಿದ್ದಾಯಿತು. ಸಾಹೇಬರು ಎರಡು ಹೆಜ್ಜೆ ಇಟ್ಟರು. ಎರಡನೆಯ ಹೆಜ್ಜೆಯಲ್ಲಿ ಪಂಚೆ ಅವರನ್ನು ಹಿಂಬಾಲಿಸಲಿಲ್ಲ. ನಾನು ಗೋಡೆಯ ಕಡೆ ತಿರುಗಿಕೊಂಡೆ. ಕೊನೆಗೆ ಉಳಿದದ್ದು ನಮ್ಮ ಯಜಮಾನರ ಬಟ್ಟೆ. ಇನ್ಶೂರೆನ್ಸ್ ಆಫೀಸಿನ ಕುರ್ಚಿಯಲ್ಲಿ ಕೂತು ಕೂತು ನಮ್ಮವರು ಬೆಳೆದದ್ದೆಲ್ಲ ಅಗಲಕ್ಕೆ. ಸಾಹೇಬರಾದರೋ ನಮ್ಮ ಬಾಗಿಲುಗಳಲ್ಲಿ ತಲೆ ತಗ್ಗಿಸಿಯೇ ಓಡಾಡುವ ಆಳು. ಪ್ಯಾಂಟು ಮೊಣಕಾಲಿನಿಂದ ಸ್ವಲ್ಪ ಕೆಳಗೆ ಬಂದು ಸುಸ್ತಾಗಿ ನಿಂತಿತು. ಸೊಂಟದ ಹತ್ತಿರ ಇನ್ನೊಬ್ಬರು ಕೂರುವಷ್ಟು ಜಾಗ ಉಳಿದಿತ್ತು. ಅದನ್ನು ಬೆಲ್ಟಿನಿಂದ ಬಿಗಿದೆವು. ಅಂಗಿಯ ತೋಳು ಮೊಣಕೈಗೇ ಮುಗಿಯಿತು. ಆಫೀಸಿಗೆ ಹೊರಟಿದ್ದ ನಮ್ಮವರು ಬಾಗಿಲಲ್ಲಿ ನಿಂತು ನೋಡಿ, "ನನ್ನ ಬಟ್ಟೆ ಇಷ್ಟು ಕೆಟ್ಟದಾಗಿದೆ ಅಂತ ನೀನು ಯಾವತ್ತೂ ಹೇಳ್ಲೇ ಇಲ್ವಲ್ಲ" ಎಂದರು.

ಶಾಲೆಗೆ ರಜೆಯಿದ್ದುದರಿಂದ ಮರ್ಫಿ ಟೌನಿನ ಕೇಂದ್ರದಲ್ಲಿ ಮಕ್ಕಳು ಬೆಳಿಗ್ಗೆಯೇ ಕನಕಾಂಬರದ ಹಾರ ಹಿಡಿದು ಕಾಯುತ್ತಿದ್ದರು. ಸಾಹೇಬರು ಆಟೋದಿಂದ ಕಂತು ಕಂತಾಗಿ ಇಳಿಯುವುದನ್ನು ನೋಡಿ ಅವರ ಹಾಡು ಅರ್ಧಕ್ಕೇ ನಿಂತಿತು. ಮಕ್ಕಳ ಸಂಘದ ಮುಂದಾಳು ಸೆಲ್ವಿ ಆರನೆಯ ಕ್ಲಾಸಿನ ಹುಡುಗಿ. ಅವಳು ನನ್ನ ಸೆರಗು ಜಗ್ಗಿ, "ಮಿಸ್, ಈ ಅಂಕಲ್‌ಗೆ ಏನಾಯ್ತು?" ಎಂದು ಪಿಸುಗುಟ್ಟಿದಳು. ನಾನು ಅಷ್ಟರಲ್ಲಿ ಸೂಟ್‌ಕೇಸಿನ ವಿಷಯಕ್ಕೆ ವಿಮಾನದ ಕಂಪನಿಯವರ ಜೊತೆ ಫೋನಿನಲ್ಲಿ ಜಗಳ ಕಾಯುತ್ತಿದ್ದೆ. "ಪಾಪ, ಎಲ್ಲಾ ಕಳ್ಕೊಂಡ್ಬಿಟ್ಟಿದ್ದಾರೆ ಕಣೇ. ಹಾಕ್ಕೊಳಕ್ಕೂ ಬಟ್ಟೆ ಇಲ್ಲ" ಎಂದುಬಿಟ್ಟೆ. ಸೆಲ್ವಿ ಗೆಳತಿ ಆಯೇಷಾಳ ಕಿವಿಯಲ್ಲಿ ಏನೋ ಹೇಳಿದ್ದು ಕಣ್ಣಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಒಳಗೆ ಪರದೆ ಕಟ್ಟಿ ನಮ್ಮ ಕೇಂದ್ರದ ಸಾಧನೆಗಳನ್ನು ಒಂದೊಂದಾಗಿ ತೋರಿಸತೊಡಗಿದೆ. ದೀಪ ಆರಿಸಿದ್ದರಿಂದ ಚಾಪೆಗಳ ಮೇಲೆ ಯಾರಿದ್ದಾರೆ, ಯಾರಿಲ್ಲ ಎಂದು ಗೊತ್ತಾಗುತ್ತಿರಲಿಲ್ಲ. ಮಧ್ಯೆ ಸಾಹೇಬರು ಕೈ ಎತ್ತಿ, ಮಕ್ಕಳೆಲ್ಲ ಎಲ್ಲಿ ಎಂದು ಕೇಳಿದರು. ದೀಪ ಹಾಕಿಸಿದೆ. ಕೂತಿದ್ದವನು ಒಬ್ಬನೇ, ಅವನೂ ನಿದ್ದೆಯಲ್ಲಿದ್ದ. ನನ್ನ ಹಿಂದೆ ಪರದೆಯ ಮೇಲೆ, ದೊಡ್ಡ ಅಕ್ಷರದಲ್ಲಿ, "ಮಕ್ಕಳು ಒಂದು ದಿನವೂ ತಪ್ಪದೆ ಬರುತ್ತಾರೆ" ಎಂದು ಬರೆದಿತ್ತು. ಹಬ್ಬದ ಸಿದ್ಧತೆ ಇರಬೇಕು ಎಂದೆ. ಯಾವ ಹಬ್ಬ ಎಂದರು. ನನಗೆ ಆ ಕ್ಷಣದಲ್ಲಿ ಒಂದು ಹಬ್ಬದ ಹೆಸರೂ ನೆನಪಾಗಲಿಲ್ಲ.

ನಡೆದದ್ದು ಏನೆಂದರೆ, ಹಿಂದಿನ ಶನಿವಾರ ಅದೇ ಕೋಣೆಯಲ್ಲಿ ನಮ್ಮ ಹೊಸ ಸ್ವಯಂಸೇವಕರಿಗೆ ದೇಣಿಗೆ ಕೇಳುವ ಬಗೆ ಹೇಗೆ ಎಂದು ನಾನೇ ಪಾಠ ಮಾಡಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿ. ಏನು ಬೇಕೋ ನೇರವಾಗಿ ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲಿ. ಎದುರಿನವರು ತಾವಾಗಿ ಮಾತಾಡುವ ತನಕ ತುಟಿ ಬಿಚ್ಚಬೇಡಿ. ಸ್ವಯಂಸೇವಕರು ಮೊಬೈಲು ನೋಡುತ್ತಿದ್ದರು. ಕಿಟಕಿಯ ಆಚೆ ಕುಂಟಾಬಿಲ್ಲೆ ಆಡುತ್ತಿದ್ದ ಹುಡುಗಿಯರು ಮಾತ್ರ ಆಟ ನಿಲ್ಲಿಸಿ ಕೇಳಿಸಿಕೊಂಡಿದ್ದರು.

ಸ್ವಲ್ಪ ಹೊತ್ತಿನಲ್ಲಿ ಬೀದಿಯ ತುದಿಯಿಂದ ಗದ್ದಲ ಕೇಳಿತು. ಮಕ್ಕಳೆಲ್ಲ ಮೆರವಣಿಗೆಯಂತೆ ಬರುತ್ತಿದ್ದರು. ಒಬ್ಬಳ ತಲೆಯ ಮೇಲೆ ಚಾಪೆ, ಒಬ್ಬನ ಕೈಯಲ್ಲಿ ಸ್ಟೀಲಿನ ಚೊಂಬು, ಆಯೇಷಾಳ ಕೈಯಲ್ಲಿ ಬೇಕರಿಯ ಬನ್ನುಗಳ ಪೊಟ್ಟಣ. ಎಲ್ಲರ ಹಿಂದೆ ಆರೋಗ್ಯಸ್ವಾಮಿ. ಶಿವಾಜಿನಗರದ ಒಂದು ಬ್ಯಾಂಡ್‌ಸೆಟ್ಟಿನಲ್ಲಿ ಕಹಳೆ ಊದುವ ಆತ ಮರ್ಫಿ ಟೌನಿನಲ್ಲೇ ಎಲ್ಲರಿಗಿಂತ ಎತ್ತರದ ಮನುಷ್ಯ. ಇಸ್ತ್ರಿ ಮಾಡಿದ ತನ್ನ ಯೂನಿಫಾರ್ಮನ್ನು ಎರಡೂ ಕೈಗಳ ಮೇಲೆ ಮಗುವಿನಂತೆ ಮಲಗಿಸಿಕೊಂಡು ತಂದಿದ್ದ. ಕೆಂಪು ಕೋಟು, ಭುಜದ ಮೇಲೆ ಜರಿಯ ಕುಚ್ಚು, ಪ್ಯಾಂಟಿನ ಪಕ್ಕದಲ್ಲಿ ಚಿನ್ನದ ಬಣ್ಣದ ಪಟ್ಟಿ.

"ಮಿಸ್, ಅಂಕಲ್‌ಗೆ ಎಲ್ಲಾ ರೆಡಿ ಮಾಡಿದೀವಿ" ಎಂದಳು ಸೆಲ್ವಿ. "ಯಾರ್ಯಾರು ಏನೇನು ಕೊಡ್ಬೇಕು ಅಂತ ನಾವೇ ಹೇಳಿದ್ವಿ. ಬೇಕರಿ ತಾತ ಮಾತ್ರ ತುಂಬಾ ಹೊತ್ತು ಸುಮ್ನಿದ್ರು. ನಾವೂ ಸುಮ್ನಿದ್ವಿ. ಆಮೇಲೆ ಕೊಟ್ರು." ನಂತರ ನನ್ನ ಕಣ್ಣಲ್ಲಿ ಕಣ್ಣಿಟ್ಟು, "ನೀವು ಏನು ಕೊಡ್ತೀರಾ ಮಿಸ್? ನಿಮ್ಮ ಊಟದ ಡಬ್ಬಿ ಕೊಡ್ಬೋದು" ಎಂದಳು. ನಾನು, "ನೋಡೋಣ ಸೆಲ್ವಿ, ಮನೇಲಿ ಒಂದ್ಮಾತು ಕೇಳ್ಬೇಕು" ಎಂದೆ. ಅವಳು ಏನೂ ಅನ್ನಲಿಲ್ಲ. ಹಿಂದಿದ್ದ ಮಕ್ಕಳೂ ಏನೂ ಅನ್ನಲಿಲ್ಲ. ಬೀದಿಯಲ್ಲಿ ಒಂದು ನಾಯಿ ಕೂಡ ಬೊಗಳಲಿಲ್ಲ. ನಾನು ಬ್ಯಾಗಿಗೆ ಕೈ ಹಾಕಿ ಬಿಸಿಬೇಳೆಬಾತಿನ ಡಬ್ಬಿಯನ್ನು ತೆಗೆದು ಕೊಟ್ಟೆ.

ಸಾಹೇಬರು ಇದೇನೆಂದು ನನ್ನ ಮುಖ ನೋಡಿದರು. ಇದು ಈ ಕಡೆಯ ಸ್ವಾಗತದ ಸಂಪ್ರದಾಯ ಎಂದು ಇಂಗ್ಲಿಷಿನಲ್ಲಿ ನಾಜೂಕಾಗಿ ಶುರುಮಾಡಿದ್ದೆ. ಅಷ್ಟರಲ್ಲಿ ಆರೋಗ್ಯಸ್ವಾಮಿ ಮುಂದೆ ಬಂದು ಅವರ ಕೈ ಹಿಡಿದುಕೊಂಡ. "ಸಾರ್, ನೋ ವರಿ ಸಾರ್. ಹೌಸ್ ಗಾನ್, ಕ್ಲಾತ್ಸ್ ಗಾನ್, ಆಲ್ ಗಾನ್. ಬಟ್ ಗಾಡ್ ಈಸ್ ದೇರ್ ಸಾರ್. ಯು ಸ್ಟೇ ಮರ್ಫಿ ಟೌನ್" ಎಂದ.

ಸಾಹೇಬರ ಮುಖ ಕೋಟಿನಷ್ಟೇ ಕೆಂಪಾಯಿತು. ಕೇಂದ್ರಕ್ಕೆ ಬೀಗ ಬಿದ್ದ ಸದ್ದು ನನಗೆ ಆಗಲೇ ಕೇಳಿಸಿತ್ತು. ಅವರು ಯೂನಿಫಾರ್ಮು ತೆಗೆದುಕೊಂಡು ಪಕ್ಕದ ಕೋಣೆಗೆ ಹೋದರು. ಹೊರಗೆ ಬಂದಾಗ ನೋಡಿದರೆ, ಅಳತೆ ಕೊಟ್ಟು ಹೊಲಿಸಿದ ಹಾಗಿತ್ತು. ಸಾಹೇಬರು ಮಕ್ಕಳಿಗೆ ಸೆಲ್ಯೂಟ್ ಹೊಡೆದು ನಗತೊಡಗಿದರು. ನಕ್ಕು ನಕ್ಕು ಚಾಪೆಯ ಮೇಲೆ ಕೂತು, ಬನ್ನು ತಿಂದು, ನನ್ನ ಬಿಸಿಬೇಳೆಬಾತನ್ನೂ ಮುಗಿಸಿ, ಸೆಲ್ವಿಯ ಕೈಯಿಂದ ಬೀದಿಯ ಕಥೆಯನ್ನೆಲ್ಲ ಹೇಳಿಸಿದರು. ನಾನು ಹಸಿದ ಹೊಟ್ಟೆಯಲ್ಲಿ ಅನುವಾದ ಮಾಡಿದೆ. ಕಳೆದದ್ದು ಸೂಟ್‌ಕೇಸು ಮಾತ್ರ ಎಂದು ತಿಳಿದ ಮೇಲೂ ಯಾರೂ ಕೊಟ್ಟದ್ದನ್ನು ವಾಪಸು ಕೇಳಲಿಲ್ಲ.

ಸಂಜೆ ಇಂದಿರಾನಗರದ ಹೋಟೆಲಿನಲ್ಲಿ ನಮ್ಮ ಮೇಲಿನವರೊಂದಿಗೆ ಮೀಟಿಂಗು. ಅಷ್ಟರಲ್ಲಿ ಅಂಗಡಿಗಳು ತೆರೆದಿದ್ದರೂ ಸಾಹೇಬರು ಬಟ್ಟೆ ಕೊಳ್ಳಲು ಒಪ್ಪಲಿಲ್ಲ. ಕೊಟ್ಟವರ ಮನಸ್ಸು ನೋಯಬಾರದಂತೆ. ಹೋಟೆಲಿನ ಬಾಗಿಲಲ್ಲೇ ರೇಷ್ಮೆ ಪಂಚೆಯ ಯಜಮಾನರೊಬ್ಬರು ಅವರ ತೋಳು ಹಿಡಿದು, ನನ್ನ ಕಡೆ ತಿರುಗಿ, "ಏನಮ್ಮ, ಒಬ್ರನ್ನೇ ಕರ್ಕೊಂಡ್ ಬಂದಿದೀಯಲ್ಲ, ಮಿಕ್ಕೋರೆಲ್ಲಿ? ಗಂಡಿನ ಕಡೆಯೋರು ಬಂದು ಕೂತ್ಬಿಟ್ಟಿದ್ದಾರೆ" ಎಂದು ಗದರಿದರು. ಅವರಿಂದ ಬಿಡಿಸಿಕೊಂಡು ಮೇಲೆ ಹೋಗುವಷ್ಟರಲ್ಲಿ ಸಾಕುಸಾಕಾಯಿತು. ಮೀಟಿಂಗಿನಲ್ಲಿ ಸಾಹೇಬರು ಹೇಳಿದ್ದು ಎರಡೇ ಮಾತು. ಕೇಂದ್ರಕ್ಕೆ ನೆರವು ಮುಂದುವರಿಯುತ್ತದೆ. ದೇಣಿಗೆ ವಿಭಾಗದವರೆಲ್ಲ, ಮುಖ್ಯಸ್ಥೆಯೂ ಸೇರಿ, ಸೆಲ್ವಿಯ ಹತ್ತಿರ ಒಂದು ದಿನ ತರಬೇತಿ ಪಡೆಯಬೇಕು. ಪಡೆದೆವು. ನಾನು ಮಧ್ಯೆ ಮಧ್ಯೆ ಮಾತಾಡುತ್ತೇನೆ ಎಂಬ ದೂರು ಬಂತು.

ಮುಂದಿನ ವಾರ ಮರ್ಫಿ ಟೌನಿನ ಆ ಬೇಕರಿಗೆ ಹೋಗಿದ್ದೆ, ಸುಮ್ಮನೆ ಕೊಬ್ಬರಿ ಹೂರಣದ ಒಂದು ದಿಲ್‌ಪಸಂದ್ ಕೊಳ್ಳೋಣ ಅಂತ. ಬೇಕರಿ ತಾತ ನನ್ನನ್ನು ನೋಡಿದವರೇ, "ಇವತ್ತು ಯಾರಿಗಮ್ಮ?" ಎಂದು ಕೇಳಿದರು. ಏನು ಹೇಳಬೇಕೋ ತೋಚದೆ ಅವರ ಕಣ್ಣನ್ನೇ ನೋಡುತ್ತಾ ಸುಮ್ಮನೆ ನಿಂತೆ. ಅವರು ನಿಟ್ಟುಸಿರು ಬಿಟ್ಟು ದೊಡ್ಡದೊಂದು ದಿಲ್‌ಪಸಂದನ್ನು ಪೂರ್ತಿ ಕಟ್ಟಿ, "ಹೋಗ್ಲಿ, ಮಕ್ಕಳಿಗೆ ಕೊಡಿ" ಎಂದು ಕೈಗಿಟ್ಟರು. ಬೇಡವೆಂದರೂ ದುಡ್ಡು ಮುಟ್ಟಲಿಲ್ಲ. ಇಷ್ಟು ವರ್ಷದ ನನ್ನ ಕಸುಬಿನಲ್ಲಿ ಬಾಯೇ ಬಿಡದೆ ಸಿಕ್ಕ ಮೊದಲ ದೇಣಿಗೆ ಅದು. ಮಕ್ಕಳಿಗೆಂದೇ ಆಟೋ ಹತ್ತಿದೆ. ಕೇಂದ್ರ ಮುಂದಿನ ತಿರುವಿನಲ್ಲೇ ಇತ್ತು, ಆದರೆ ಟ್ರಾಫಿಕ್ ಬಹಳ ಇತ್ತು. ತಲುಪುವಷ್ಟರಲ್ಲಿ ನನ್ನ ಕೈಯಲ್ಲಿ ಉಳಿದದ್ದು ಪೊಟ್ಟಣದ ದಾರ.