ಉಪ್ಪಿನ ಡಬ್ಬಿಯ ಕಿರೀಟ

ಬೋರ್ಡ್ ಬರೆಯುವವನ ಹೆಂಡತಿಗೆ ಇಪ್ಪತ್ತಾರು ವರ್ಷ ಒಂದೇ ತಕರಾರು. ಗಂಡನ ಅಕ್ಷರ ಓದೋಕೆ ಬರಲ್ಲ. ಅವನು ಅಕ್ಷರ ಬರೆಯುತ್ತಿರಲಿಲ್ಲ, ಬಳ್ಳಿ ಹಬ್ಬಿಸುತ್ತಿದ್ದ. ಅಂಗಡಿ ಬೋರ್ಡಿಗಾದರೆ ಸರಿ, ಅಡುಗೆಮನೆ ಡಬ್ಬಿಗಳನ್ನೂ ಬಿಡಲಿಲ್ಲ. ಉಪ್ಪಿನ ಡಬ್ಬಿಯ ಮೇಲೆ ಉಪ್ಪು ಅಂತ ಬರೆದು, ಬಾಲ ಎಳೆದು, ಆ ಬಾಲವನ್ನು ಡಬ್ಬಿಗೆ ಒಂದು ಸುತ್ತು ತಂದು ಮೇಲಕ್ಕೆತ್ತಿ ಅದೇ ಅಕ್ಷರದ ತಲೆಗೆ ಕಿರೀಟ ಇಟ್ಟಿದ್ದ. (ಉಪ್ಪಿಗೆ ಪಟ್ಟಾಭಿಷೇಕ!)

"ರೀ, ನೆಟ್ಟಗೆ ಬರೆಯೋಕೆ ಏನು ಧಾಡಿ ನಿಮಗೆ?"

"ನೆಟ್ಟಗೆ ಮಾತಾಡೋಕೆ ನೀನಿದ್ದೀಯಲ್ಲ. ಮನೆಗೆ ಒಬ್ಬರು ಸಾಕು ಕಣೇ."

ಹೋದ ವರ್ಷ ಅವನು ಹೋದ. ತಕರಾರು ಉಳಿಯಿತು. ಕೇಳೋರಿಲ್ಲ.

ಅವನು ಬರೆದ ಬೋರ್ಡುಗಳೂ ಒಂದೊಂದಾಗಿ ಇಳಿದವು. ಆ ಜಾಗಕ್ಕೆಲ್ಲ ಲೈಟು ಹಾಕಿದ ಪ್ಲಾಸ್ಟಿಕ್ಕು. ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ ಮಗಳು ಅಪ್ಪನ ಅಕ್ಷರವನ್ನು ಕಂಪ್ಯೂಟರಿಗೆ ಇಳಿಸಿ ಫಾಂಟ್ ಮಾಡಲು ಹೊರಟಳು. ಪ್ರೆಸ್ಸಿನ ಯಜಮಾನರು ಒಪ್ಪಿದರೆ ಮದುವೆ ಪತ್ರಿಕೆಗಳ ಮೇಲಾದರೂ ಅಪ್ಪನ ಕೈ ಉಳಿಯುತ್ತೆ. ಒಪ್ಪದಿದ್ದರೆ ಅದೂ ಇಲ್ಲ.

"ಡಬ್ಬಿಗಳನ್ನ ಎರಡು ದಿನ ಕೊಡಮ್ಮಾ."

"ಉಪ್ಪು ಸಕ್ಕರೆ ನನ್ನ ತಲೆ ಮೇಲೆ ಸುರೀತೀಯಾ?"

ಮಗಳು ಹೊಸ ಸ್ಟೀಲ್ ಡಬ್ಬಿ ತಂದಳು. ಎಲ್ಲ ಒಂದೇ ಅಳತೆ. ಎಲ್ಲದಕ್ಕೂ ಅಚ್ಚಾದ ಚೀಟಿ, ಸ್ಕೇಲ್ ಇಟ್ಟು ಬರೆದ ಹಾಗೆ ನೆಟ್ಟಗಿನ ಅಕ್ಷರ.

"ಅಂತೂ ಈ ಮನೆಗೊಂದು ಮರ್ಯಾದೆ ಬಂತು" ಅಂದಳು ತಾಯಿ.

ಮೂರನೇ ದಿನ ಪ್ರೆಸ್ಸಿನ ಯಜಮಾನರೇ ಮನೆಗೆ ಬಂದರು. ಮಗಳು ಅಪ್ಪನ ಅಕ್ಷರ ಅಚ್ಚು ಹಾಕಿದ ಹಾಳೆ ಮುಂದಿಟ್ಟಳು. ಅವರು ಕನ್ನಡಕ ಏರಿಸಿದರು, ಇಳಿಸಿದರು.

"ಚಂದ ಇದೆ. ಆದ್ರೆ ಇದನ್ನ ಯಾರು ಓದ್ತಾರಮ್ಮ?"

ಮಗಳ ಮುಖ ಬಾಡಿತು. ಅದೇ ಮಾತನ್ನು ತಾಯಿ ಸಾವಿರ ಸಲ ಆಡಿದ್ದಳು. ಬೇರೆಯವರು ಆಡಿದಾಗ ಮೈಯೆಲ್ಲ ಉರಿಯಿತು.

"ಟೀ ತರ್ತೀನಿ" ಅಂತ ಎದ್ದಳು.

ಯಜಮಾನರು ಒಂದು ಗುಟುಕು ಕುಡಿದರು. ಮರ್ಯಾದಸ್ಥರು, ಕಣ್ಣು ಮುಚ್ಚಿ ನುಂಗಿದರು. ಮಗಳು ಉಗುಳಿದಳು.

"ಅಮ್ಮಾ, ಉಪ್ಪು! ಅಷ್ಟು ದೊಡ್ಡ ಚೀಟಿ ಅಂಟಿಸಿದ್ದೀನಲ್ಲ!"

ತಾಯಿ ಓದಿದ್ದು ಎರಡನೇ ಕ್ಲಾಸು. ಸೆರಗು ಹಿಂಡುತ್ತಾ ಅಂದಳು: "ನಿನ್ನ ಚೀಟೀನ ಒಂದೊಂದೇ ಅಕ್ಷರ ಕೂಡಿಸಬೇಕು ಕಣೇ. ಬಂದವರ ಮುಂದೆ ಅದನ್ನ ಮಾಡ್ಲಾ? ಅಪ್ಪಂದಾದ್ರೆ ಉಪ್ಪಿಗೆ ಬಾಲ ಮೇಲೆ, ಸಕ್ಕರೆಗೆ ಕೆಳಗೆ. ನೋಡಿದ ತಕ್ಷಣ ಕೈ ಹೋಗೋದು."

ಯಜಮಾನರು ಹಾಳೆಯನ್ನು ಅವಳತ್ತ ತಿರುಗಿಸಿದರು. "ಇದೇನಕ್ಕಾ?"

"ಅಕ್ಕಿ."

"ಇದು?"

"ಬೇಳೆ. ಇದರ ಬಾಲ ಗಿಡ್ಡ ಆಯ್ತು. ಅವರು ಪೂರಾ ಸುತ್ತು ತರ್ತಿದ್ರು."

ಯಜಮಾನರು ನಕ್ಕರು. "ಬಾಲ ಸರಿ ಮಾಡಿಕೊಂಡು ಬಾ ಮಗಳೇ. ಬರೋ ತಿಂಗಳ ಮದುವೆ ಪತ್ರಿಕೆಗಳಿಗೆ ಇದನ್ನೇ ಹಾಕೋಣ."

"ಇನ್ನೊಂದು ಟೀ ಮಾಡ್ಲಾ?"

"ಹಳೇ ಡಬ್ಬಿ ವಾಪಸ್ ಬರಲಿ ಅಕ್ಕಾ. ಆಮೇಲೆ ಬರ್ತೀನಿ."

ಸಂಜೆಗೆ ಡಬ್ಬಿಗಳು ಬಂದವು. ಉಪ್ಪಿನ ಡಬ್ಬಿಯನ್ನು ಅವಳು ಸೆರಗಲ್ಲಿ ಒರೆಸಿ ಗೂಡಿನಲ್ಲಿಟ್ಟಳು.

"ಆಯ್ತು ರೀ, ಓದೋಕೆ ಬರುತ್ತೆ" ಅಂದಳು. "ಈಗಲಾದರೂ ಆ ಕಿರೀಟ ತೆಗೀರಿ."

ತೆಗೆಯಲಿಲ್ಲ.